ಹಳೇ ಕಾರಿಗೆ ಹೊಸ ಎಸಿ: ಕಂಪ್ರೆಸರ್ ಒಂದೇ ಸಾಕಾ?

ಪ್ರಶ್ನೆ: ಅಪ್ಪನ ಕಾಲದ 1996ರ ಪೆಟ್ರೋಲ್ ಕಾರು ಇದೆ. ಎಂಜಿನ್ ಗಟ್ಟಿ, ಎಸಿ ಮಾತ್ರ ಸತ್ತಿದೆ. ಹೋದ ವರ್ಷ ಎಸಿ ಗ್ಯಾಸನ್ನು ಒತ್ತುವ ಕಂಪ್ರೆಸರ್ ಜಾಮ್ ಆಯ್ತೆಂದು ಸೆಕೆಂಡ್ ಹ್ಯಾಂಡ್ ಹಾಕಿಸಿ ಗ್ಯಾಸ್ ತುಂಬಿಸಿದೆ. ಮೂರೇ ತಿಂಗಳಿಗೆ ಅದೂ ಜಾಮ್. ಈಗ ಪೂರ್ತಿ ಸೆಟ್ ಬದಲಿಸಬೇಕಾ? ಹಾಗೇ ಈಗಿನ ಕಾರುಗಳ ತರಹ ಡಿಗ್ರಿ ಒತ್ತಿ ಬಿಡುವ ಆಟೊಮ್ಯಾಟಿಕ್ ಕಂಟ್ರೋಲ್ ಕೂರಿಸಬಹುದಾ?
— ಓದುಗರು, ಸಂಡೂರು

ಉತ್ತರ: ಎರಡನೇ ಕಂಪ್ರೆಸರ್ ಸತ್ತಿದ್ದು ಬಹುಶಃ ಮೊದಲನೆಯದರಿಂದಲೇ. ಕಂಪ್ರೆಸರ್ ಜಾಮ್ ಆಗುವಾಗ ಒಳಗೆ ಸವೆದ ಲೋಹದ ಪುಡಿ ಪೈಪುಗಳಲ್ಲಿ ಸುತ್ತಿ, ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್‌ನಲ್ಲಿ ಕೂರುತ್ತದೆ, ಅದನ್ನು ಹಾಗೇ ಬಿಟ್ಟು ಹೊಸದು ಹಾಕಿದರೆ ಮರಳು ಬಿದ್ದ ಗಿರಣಿಯ ಕಥೆಯೇ. ಆದ್ದರಿಂದ ಕಂಡೆನ್ಸರ್, ತೇವ ಹೀರುವ ಡ್ರೈಯರ್, ಗ್ಯಾಸಿನ ಒತ್ತಡ ಇಳಿಸುವ ಎಕ್ಸ್‌ಪಾನ್ಷನ್ ವಾಲ್ವ್ ಒಟ್ಟಿಗೇ ಬದಲಾಗಲಿ. ಪೈಪುಗಳನ್ನು ಫ್ಲಶ್ ಮಾಡಿಸಿ.

ಇನ್ನೊಂದು ಅನುಮಾನ ಗ್ಯಾಸಿನದ್ದು. ಆ ಕಾಲದ ಕಾರಲ್ಲಿ ಆರ್-12 ಎಂಬ ಹಳೇ ಎಸಿ ಗ್ಯಾಸ್ ಇದ್ದಿರಬಹುದು. ಗ್ಯಾಸ್ ತುಂಬುವ ಬಾಯಿ ನೋಡಿ: ತಿರುಪು ಇದ್ದರೆ ಆರ್-12, ಒತ್ತಿದರೆ ಟಕ್ಕಂತ ಕೂರುವಂಥದ್ದಾದರೆ ಅದರ ನಂತರ ಬಂದ ಆರ್-134ಎ. ಓಜೋನ್ ಪದರ ಕೆಡಿಸುತ್ತದೆಂದು ಆರ್-12 ತಯಾರಿಕೆ ನಮ್ಮಲ್ಲಿ 2008ಕ್ಕೇ ನಿಂತಿದೆ, ಹಾಗಾಗಿ ಈಗ 134ಎಗೇ ಬರಬೇಕು. ಆದರೆ ಆರ್-12ರ ಮಿನರಲ್ ಆಯಿಲ್ 134ಎ ಜೊತೆ ಬೆರೆಯೋದಿಲ್ಲ. ಆಯಿಲ್ ಎಲ್ಲೋ ಮೂಲೆಯಲ್ಲಿ ಉಳಿದು ಕಂಪ್ರೆಸರ್ ಒಣಗಿ ಓಡುತ್ತದೆ. ಹಳೆಯದನ್ನು ಪೂರ್ತಿ ತೆಗೆದು, ಕಂಪ್ರೆಸರ್‌ಗೆ ಒಪ್ಪುವ ಪಿಎಜಿ (134ಎ ಜೊತೆ ಬೆರೆಯುವ ಸಿಂಥೆಟಿಕ್) ಆಯಿಲ್ ಹಾಕಿಸಿ, ಪೈಪಿನ ಜೋಡಣೆಗಳ ರಬ್ಬರ್ ಓ-ರಿಂಗ್‌ಗಳನ್ನೂ ಬದಲಿಸಿ. ಗ್ಯಾಸ್ ತೂಕ ಮಾಡಿಯೇ ತುಂಬಬೇಕು: ಆರ್-12 ಒಂದು ಕೆಜಿ ಹಿಡಿಯುತ್ತಿದ್ದ ಕಡೆ 134ಎ 800ರಿಂದ 900 ಗ್ರಾಂ ಸಾಕು. ಅದಕ್ಕೆ ಮೊದಲು ಅರ್ಧ ಗಂಟೆಗಿಂತ ಕಡಿಮೆಯಿಲ್ಲದೆ ಮೆಕ್ಯಾನಿಕ್ ವ್ಯಾಕ್ಯೂಮ್ ಎಳೆಯಲಿ, ಅಂದರೆ ಪಂಪಿನಿಂದ ಒಳಗಿನ ಗಾಳಿ, ತೇವ ಹೊರತೆಗೆಯಲಿ. ಪಕ್ಕದಲ್ಲೇ ನಿಂತು ನೋಡಿ, ಸಂಕೋಚ ಬೇಡ.

ನಮ್ಮ ಬಳ್ಳಾರಿ ಸೆಕೆಗೆ ಮುಖ್ಯವಾದದ್ದು ಮಾತ್ರ ಕಂಡೆನ್ಸರ್. ಬಿಸಿಲು ಏರಿದಷ್ಟೂ 134ಎ ಒತ್ತಡ ಆರ್-12ಕ್ಕಿಂತ ಜಾಸ್ತಿ ಏರುತ್ತದೆ, ಹಳೇ ಕಂಡೆನ್ಸರ್ ಆ ಬಿಸಿಯನ್ನು ಹೊರಹಾಕಲು ಏದುಸಿರು ಬಿಡುತ್ತದೆ. ಜಾಗ ಇದ್ದಷ್ಟು ದೊಡ್ಡ ಪ್ಯಾರಲಲ್ ಫ್ಲೋ (ಗ್ಯಾಸ್ ಹಲವು ಸಣ್ಣ ಕೊಳವೆಗಳಲ್ಲಿ ಒಟ್ಟಿಗೇ ಹರಿಯುವ) ಕಂಡೆನ್ಸರ್, ಅದಕ್ಕೊಂದು ಒಳ್ಳೆಯ ಫ್ಯಾನ್ ಹಾಕಿಸಿ. ಅದಿರಿನ ಲಾರಿಗಳ ಹಿಂದೆ ಓಡಾಡುವವರು ನೀವು, ಕೆಂಪು ಧೂಳು ಕಂಡೆನ್ಸರಿನ ತೆಳು ತಗಡಿನ ರೆಕ್ಕೆಗಳ ನಡುವೆ ಮೆತ್ತಿಕೊಂಡರೆ ಎಷ್ಟು ದೊಡ್ಡದಿದ್ದರೂ ದಂಡ. ಆಗಾಗ ಸಣ್ಣ ನೀರಲ್ಲಿ ತೊಳೆಯಿರಿ. ಪ್ರೆಷರ್ ಪೈಪ್ ಹತ್ತಿರ ಹಿಡಿದರೆ ರೆಕ್ಕೆಗಳು ಮಲಗಿಬಿಡುತ್ತವೆ.

ಆಟೊಮ್ಯಾಟಿಕ್ ಕಂಟ್ರೋಲ್ ಆಸೆ ಬಿಡಿ ಅಂತಲೇ ನಾನು ಹೇಳೋದು. ಹಳೇ ಕಾರುಗಳಲ್ಲಿ ಗಾಳಿಯ ಬಾಗಿಲುಗಳನ್ನು ಸಾಮಾನ್ಯವಾಗಿ ಕೇಬಲ್ ಎಳೆಯುತ್ತದೆ. ಅಲ್ಲಿ ಮೋಟಾರು, ಸೆನ್ಸರ್, ವೈರಿಂಗ್ ತುರುಕಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಬಿಚ್ಚಿದ ಮೇಲೆ ಕಟಕಟ ಸದ್ದು ಫ್ರೀ. ಬದಲಿಗೆ ಹೀಟರ್ ವಾಲ್ವ್ ನೋಡಿಸಿ. ಅದು ಪೂರ್ತಿ ಮುಚ್ಚದಿದ್ದರೆ ಎಂಜಿನ್ನಿನ ಬಿಸಿನೀರು ಹೀಟರ್‌ನಲ್ಲಿ ಹರಿಯುತ್ತಲೇ ಇದ್ದು ಎಸಿಯ ತಂಪನ್ನು ತಿನ್ನುತ್ತದೆ. ನಾಬ್ ಕೂಲ್‌ನಲ್ಲಿಟ್ಟು ಸ್ವಲ್ಪ ದೂರ ಓಡಿಸಿ, ಎಂಜಿನ್ ಆಫ್ ಮಾಡಿ ವಾಲ್ವ್ ದಾಟಿದ ಪೈಪನ್ನು ಹುಷಾರಾಗಿ ಮುಟ್ಟಿ. ಸುಡುತ್ತಿದ್ದರೆ ವಾಲ್ವ್ ಬದಲಿಸಿ.

ಮತ್ತೆ, ಯಾರಾದರೂ ಸಸ್ತಾ ಆಗುತ್ತೆ, ಅಡುಗೆ ಗ್ಯಾಸನ್ನೇ ತುಂಬುತ್ತೇನೆ ಅಂದರೆ ಕಾರು ತಿರುಗಿಸಿಕೊಂಡು ಬನ್ನಿ. ತಂಪೇನೋ ಕೊಡುತ್ತದೆ, ಆದರೆ ಸೋರಿದರೆ ಕಾರಿನೊಳಗೇ ತುಂಬಿಕೊಳ್ಳುತ್ತದೆ, ಒಂದು ಕಿಡಿ ಸಾಕು.