ಬದುಕಿ ಉಳಿದವಳ ಸಿಟ್ಟು

‘ತಾಯಿ, ಮಗು ಇಬ್ಬರೂ ಕ್ಷೇಮ’ ಎಂದು ಫೋನು ಹೋದ ಕೂಡಲೇ ನೆಂಟರಿಷ್ಟರ ಪಾಲಿಗೆ ಹೆರಿಗೆಯ ಕತೆ ಮುಗಿಯುತ್ತದೆ. ಆಪ್ತಸಲಹೆಗೆಂದು ನನ್ನ ಬಳಿ ಬರುವವರ ಕತೆ ಅಲ್ಲಿಂದಾಚೆಗೆ ಶುರು. ಸಾವಿನಂಚಿನಿಂದ ಉಳಿದು ಈ ವರ್ಷ ಹೀಗೆ ಬಂದವರಲ್ಲಿ, ನಾನಿಲ್ಲಿ ಹೇಳಹೊರಟಿರುವ ಬಾಣಂತಿ ನಾಲ್ಕನೆಯವಳು. ಮೊದಲು ಬಂದ ಮೂವರಲ್ಲಿ ಒಬ್ಬ ರಕ್ತದ ಕ್ಯಾನ್ಸರಿನಿಂದ ಗುಣವಾದ ಹುಡುಗ, ಒಬ್ಬರು ವೆಂಟಿಲೇಟರಿನಲ್ಲಿ ಮೂರು ವಾರ ಇದ್ದು ಬಂದ ಮೇಷ್ಟ್ರು, ಇನ್ನೊಬ್ಬಾಕೆಗೆ ಹೆರಿಗೆಯ ಹೊತ್ತಿನಲ್ಲಿ ಬಿಪಿ ಏರಿ ಫಿಟ್ಸ್ ಬಂದಿತ್ತು. ಕಾಯಿಲೆಗಳು ಬೇರೆ ಬೇರೆ, ನಾಲ್ವರ ಬಾಯಿ ಮುಚ್ಚಿಸಿದ ಮಾತು ಮಾತ್ರ ಒಂದೇ: ‘ಬದುಕಿದ್ದೀಯಲ್ಲ, ಅಷ್ಟು ಸಾಕು.’

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆಯಿದೆ.

ವಯಸ್ಸು 31. ಮೊದಲ ಹೆರಿಗೆ, ಅದೂ ಸಹಜ ಹೆರಿಗೆ. ಮಗು ಹುಟ್ಟಿದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ಎಚ್ಚರವಾದದ್ದು ಐಸಿಯುವಿನಲ್ಲಿ, ಅಷ್ಟರಲ್ಲಿ ಗರ್ಭಕೋಶ ತೆಗೆದಾಗಿತ್ತು. ಒಂಬತ್ತು ತಿಂಗಳ ನಂತರ ನನ್ನ ಬಳಿ ಬಂದಾಗ ಆಕೆ ಹೇಳಿದ ಮೊದಲ ವಾಕ್ಯ, “ನನಗೇನೂ ಆಗಿಲ್ಲ ಮೇಡಂ, ಮನೆಯವರು ಕಳಿಸಿದ್ರು.” ಮನೆಯವರ ದೂರು ಇಷ್ಟು: ಮಗುವನ್ನು ನೋಡಿಕೊಳ್ಳುತ್ತಾಳೆ, ಆದರೆ ಮುಖದಲ್ಲಿ ನಗುವಿಲ್ಲ. ಯಾರಾದರೂ ‘ನಿನಗಿದು ಮರುಹುಟ್ಟು’ ಎಂದರೆ ಎದ್ದು ಒಳಗೆ ಹೋಗುತ್ತಾಳೆ. ಜೀವ ಉಳಿಸಿದ ಡಾಕ್ಟರಿಗೆ ಒಂದು ಒಳ್ಳೆಯ ಮಾತು ಹೇಳು ಎಂದರೆ ಕೆರಳುತ್ತಾಳೆ. ಕೃತಘ್ನೆ ಎಂಬ ಮಾತೂ ಮನೆಯಲ್ಲಿ ಒಮ್ಮೆ ಬಂದುಹೋಗಿತ್ತು.

ಮನಸ್ಸಿನ ಬಾಗಿಲು ತಟ್ಟುವ ಮುಂಚೆ ನಾನು ಆಕೆಯನ್ನು ರಕ್ತಪರೀಕ್ಷೆಗೆ ಕಳಿಸಿದೆ. ವಿಪರೀತ ರಕ್ತಸ್ರಾವವಾದಾಗ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ರಕ್ತ ಸಾಲದೆ ಅದು ಸೊರಗುವುದುಂಟು. 1937ರಲ್ಲಿ ಇದನ್ನು ವಿವರಿಸಿದ ವೈದ್ಯರ ಹೆಸರಿನಿಂದ ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಎದೆಹಾಲು ಬರುವುದಿಲ್ಲ, ಸದಾ ಸುಸ್ತು, ಚಳಿ ತಡೆಯಲಾಗುವುದಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ. ಹೊರಗಿನಿಂದ ನೋಡುವವರಿಗೆ ಇದು ಬಾಣಂತಿಯ ಖಿನ್ನತೆಯಂತೆಯೇ ಕಾಣುತ್ತದೆ. ಮುಟ್ಟು ನಿಂತಿರುವುದು ಇದರ ಮುಖ್ಯ ಸುಳಿವು, ಆದರೆ ಗರ್ಭಕೋಶವೇ ಇಲ್ಲದವರಲ್ಲಿ ಆ ಸುಳಿವೂ ಸಿಗದು. ಪರೀಕ್ಷೆಯಲ್ಲಿ ಆಕೆಗೆ ಈ ಸಿಂಡ್ರೋಮ್ ಇರಲಿಲ್ಲ. ರಕ್ತಹೀನತೆ ಇತ್ತು, ಅದಕ್ಕೆ ಚಿಕಿತ್ಸೆ ಶುರುವಾಯಿತು. ಮಾತಿನಿಂದ ವಾಸಿಯಾಗದ್ದನ್ನು ಮಾತಿನಿಂದ ವಾಸಿ ಮಾಡಲು ಹೊರಡುವುದು ನಮ್ಮ ವೃತ್ತಿಯ ಹಳೆಯ ಚಾಳಿ, ಅದಕ್ಕೇ ಈ ಎಚ್ಚರಿಕೆ.

ಎರಡನೆಯ ಸೆಷನ್ನಿನಲ್ಲಿ ನಾನೇ ಎಡವಿದೆ. “ಹಿಂದಿನ ಕಾಲ ಆಗಿದ್ರೆ ನಾನು ಸತ್ತೇಹೋಗ್ತಿದ್ದೆ. ಅಂದ್ರೆ ನನ್ನ ದೇಹ ಹೆರಿಗೆಗೆ ಲಾಯಕ್ಕೇ ಇರಲಿಲ್ಲ, ಅಲ್ವಾ? ಅತ್ತೆ ನಾಲ್ಕು ಹೆತ್ತು ಆರಾಮಾಗಿದಾರೆ” ಎಂದಳು. ಹೆತ್ತು ಸತ್ತವರು ತಮ್ಮ ಕತೆ ಹೇಳಲು ಉಳಿದಿರುವುದಿಲ್ಲ, ಆದ್ದರಿಂದ ಹಿಂದೆ ಎಲ್ಲರೂ ಸುಲಭವಾಗಿ ಹೆರುತ್ತಿದ್ದರು ಎಂಬ ಭಾವನೆ ಬರುತ್ತದೆ ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಇತಿಹಾಸ ಓದುವ ಚಟ ನನ್ನದು. 1876ರಲ್ಲಿ ಇಟಲಿಯ ಪಾವಿಯಾದಲ್ಲಿ ಎಡುವಾರ್ಡೋ ಪೋರೋ ಎಂಬ ವೈದ್ಯ ಜೂಲಿಯಾ ಕವಲ್ಲಿನಿ ಎಂಬ 25ರ ಹೆಂಗಸಿಗೆ ಸಿಸೇರಿಯನ್ ಮಾಡಿದ್ದನ್ನು ಹೇಳಿದೆ. ಆಗ ಹೊಟ್ಟೆ ಕೊಯ್ದು ಮಗು ತೆಗೆದರೆ ತಾಯಿ ರಕ್ತಸ್ರಾವದಿಂದಲೋ ನಂಜಿನಿಂದಲೋ ಸಾಯುವುದೇ ಹೆಚ್ಚು. ಪೋರೋ ಮಗುವಿನ ಜೊತೆಗೆ ಗರ್ಭಕೋಶವನ್ನೂ ತೆಗೆದುಬಿಟ್ಟ. ಆಕೆ ಬದುಕಿದಳು, ಮಗುವೂ ಬದುಕಿತು. ಆರು ವರ್ಷದ ನಂತರ, 1882ರಲ್ಲಿ, ಗರ್ಭಕೋಶದ ಗಾಯಕ್ಕೆ ಸರಿಯಾಗಿ ಹೊಲಿಗೆ ಹಾಕಿ ಅದನ್ನು ಉಳಿಸಿಕೊಳ್ಳುವ ವಿಧಾನವನ್ನು ಜರ್ಮನಿಯ ಮ್ಯಾಕ್ಸ್ ಸೆಂಗರ್ ತೋರಿಸಿಕೊಟ್ಟ. ನಿಮಗೆ ಮಾಡಿದ ಆಪರೇಷನ್ ಸೋಲಿನ ಗುರುತಲ್ಲ, ತಾಯಂದಿರನ್ನು ಉಳಿಸಲು ಕಂಡುಕೊಂಡ ಮೊದಮೊದಲ ದಾರಿಗಳಲ್ಲಿ ಅದೂ ಒಂದು ಎಂದೆಲ್ಲ ಉತ್ಸಾಹದಿಂದ ಹೇಳಿದೆ.

ಆಕೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, “ಅದಾದ್ಮೇಲೆ ಅವಳು ಏನಂದ್ಲಂತೆ?”

ನನ್ನ ಬಳಿ ಉತ್ತರವಿರಲಿಲ್ಲ. ವೈದ್ಯನ ಹೆಸರು, ಊರು, ಇಸವಿ, ಜೂಲಿಯಾಳ ವಯಸ್ಸು ಎಲ್ಲ ನಾಲಿಗೆಯ ತುದಿಯಲ್ಲಿದ್ದವು. ಆಕೆಯ ಒಂದು ಮಾತೂ ಇರಲಿಲ್ಲ. ಬದುಕಿದಳು ಎಂಬಲ್ಲಿಗೆ ನಾನೂ ಕತೆ ಮುಗಿಸಿದ್ದೆ, ಥೇಟು ಎದುರು ಕೂತವಳ ನೆಂಟರ ಹಾಗೆ. “ಗೊತ್ತಿಲ್ಲ. ನೀವು ಏನಂತೀರಿ, ಅದನ್ನಾದರೂ ಹೇಳಿ” ಎಂದೆ. ಬಹಳ ಹೊತ್ತಿನ ಮೇಲೆ ಆಕೆ ಅಂದಳು, “ನನ್ನ ಕೇಳದೇನೇ ಉಳಿಸಿದ್ರು.”

ಒಂಬತ್ತು ತಿಂಗಳು ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ವಾಕ್ಯ ಇದು. ಹೇಳಿದರೆ ಏನಾಗುತ್ತಿತ್ತೆಂದು ಊಹಿಸಿ. ಸಾಯಬೇಕಿತ್ತು ಅಂತೀಯಾ, ಮಗುವಿನ ಮುಖ ನೋಡಿ ಮಾತಾಡು ಎಂದು ಹತ್ತು ಜನ ಮೇಲೆ ಬೀಳುತ್ತಿದ್ದರು. ಸಾಯುವ ಯೋಚನೆ ಬರುತ್ತದೆಯೇ ಎಂದು ನಾನೂ ನೇರವಾಗಿಯೇ ಕೇಳಿದೆ. ಆ ಪ್ರಶ್ನೆಯನ್ನು ಸುತ್ತಿಬಳಸಿ ಕೇಳಬಾರದು. ಇಲ್ಲ ಎಂದಳು. ಹೌದು ಎಂದಿದ್ದರೆ ಅವತ್ತೇ ಮನೋವೈದ್ಯರ ಬಳಿ ಕರೆದೊಯ್ಯಬೇಕಾಗುತ್ತಿತ್ತು.

ನಾನು ಕೊಟ್ಟ ಸಲಹೆ ಎರಡು. ಆಸ್ಪತ್ರೆಗೆ ಅರ್ಜಿ ಕೊಟ್ಟು ಪೂರ್ತಿ ಕೇಸ್ ಶೀಟಿನ ಪ್ರತಿ ತೆಗೆದುಕೊಳ್ಳಿ, ಬರೀ ಡಿಸ್ಚಾರ್ಜ್ ಸಮ್ಮರಿ ಸಾಲದು. ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬನ್ನಿ. ನನಗೆ ಪರಿಚಯದ ಒಬ್ಬ ಹೆರಿಗೆ ತಜ್ಞೆಯನ್ನೂ ಆ ದಿನ ಕೂರಿಸಿಕೊಂಡೆ, ಆಕೆಗೆ ಚಿಕಿತ್ಸೆ ಕೊಟ್ಟವರಲ್ಲ, ಬೇರೆಯವರು.

ಆ ಸೆಷನ್ ಎರಡು ಗಂಟೆ ನಡೆಯಿತು. ತಜ್ಞೆ ಮೊದಲು ಒಂದು ವಿಷಯ ಬಿಡಿಸಿ ಹೇಳಿದರು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಕಸ (ಮಾಸು) ಬಿದ್ದ ಮೇಲೆ ಗರ್ಭಕೋಶದ ಸ್ನಾಯು ಮುಷ್ಟಿಯ ಹಾಗೆ ಬಿಗಿದುಕೊಂಡು ಬಾಯ್ದೆರೆದ ರಕ್ತನಾಳಗಳನ್ನು ಹಿಸುಕಿ ಮುಚ್ಚಬೇಕು. ಆ ಮುಷ್ಟಿ ಸಡಿಲವಾದರೆ ಕೆಲವೇ ನಿಮಿಷಗಳಲ್ಲಿ ಲೀಟರುಗಟ್ಟಲೆ ರಕ್ತ ಹೋಗುತ್ತದೆ. ಯಾರಲ್ಲಿ ಸಡಿಲವಾಗುತ್ತದೆ ಎಂದು ಮುಂಚೆಯೇ ಹೇಳಲು ಎಷ್ಟೋ ಸಲ ಆಗುವುದಿಲ್ಲ. ಲಾಯಕ್ಕು, ನಾಲಾಯಕ್ಕು ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಆಮೇಲೆ ಕೇಸ್ ಶೀಟ್. ಆಕೆಯ ನೆನಪಿನಲ್ಲಿದ್ದದ್ದು ಇಷ್ಟೇ: ಮಗುವಿನ ಅಳು, ಕಾಲ ಕೆಳಗೆ ಬಿಸಿ, ಯಾರೋ ಜೋರಾಗಿ ಕೂಗಿದ್ದು, ಕತ್ತಲೆ. ‘ಬಂದ್ರು, ತೆಗೆದುಹಾಕಿದ್ರು’ ಎಂದೇ ಅವಳು ನಂಬಿದ್ದಳು. ಹಾಳೆ ಬೇರೆಯದೇ ಹೇಳುತ್ತಿತ್ತು. 2.10ಕ್ಕೆ ಹೆರಿಗೆ. 2.25ಕ್ಕೆ ರಕ್ತಸ್ರಾವ, ಹೊಟ್ಟೆಯ ಮೇಲಿಂದ ಗರ್ಭಕೋಶ ನೀವಿದ್ದು, ಗರ್ಭಕೋಶ ಬಿಗಿಯುವಂತೆ ಮಾಡುವ ಆಕ್ಸಿಟೋಸಿನ್. 2.40ಕ್ಕೆ ಟ್ರಾನೆಕ್ಸಾಮಿಕ್ ಆಸಿಡ್. ಜಪಾನಿನ ಉಟಾಕೋ ಒಕಾಮೋಟೋ ಮತ್ತು ಅವರ ಪತಿ 1960ರ ದಶಕದಲ್ಲಿ ಬೆಳಕಿಗೆ ತಂದ ಈ ಔಷಧಿಯನ್ನು ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದು ಭಾಗ ತಗ್ಗುತ್ತದೆ ಎಂದು 2017ರಲ್ಲಿ ದೊಡ್ಡ ಅಧ್ಯಯನವೊಂದು ತೋರಿಸಿತು. 3.05ಕ್ಕೆ ಒಳಗಿನಿಂದ ಬಲೂನು ಒತ್ತಿದ್ದು. 3.30ಕ್ಕೆ ಹೊಟ್ಟೆ ತೆರೆದು ಗರ್ಭಕೋಶವನ್ನು ಹೊಲಿಗೆಯಿಂದ ಬಿಗಿದದ್ದು. ಈ ನಡುವೆ ಒಂದರ ಹಿಂದೊಂದು ರಕ್ತದ ಬಾಟಲಿ. 4.20ಕ್ಕೆ, ‘ಪತಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆಯಲಾಯಿತು.’

ಆಕೆ ಬೆರಳಿಟ್ಟು ಒಂದೊಂದೇ ಸಾಲು ಎಣಿಸಿದಳು. “ಎರಡು ಗಂಟೆ ಉಳಿಸೋಕೇ ನೋಡಿದಾರೆ.” ಬೆರಳು ಕೊನೆಯ ಸಾಲಿನಲ್ಲಿ ನಿಂತಿತು. ಅಲ್ಲಿಯವರೆಗೆ ಕುರ್ಚಿಯ ತುದಿಯಲ್ಲಿ ಕೂತಿದ್ದ ಗಂಡ ಆಗ ಬಾಯಿಬಿಟ್ಟ.

“ಸಹಿ ಹಾಕಿದೋನು ನಾನು. ಡಾಕ್ಟ್ರು ಕಾಗದ ತಂದು ಈಗಲೇ ಹೇಳಿ ಅಂದ್ರು. ನಿನ್ನ ಒಂದು ಮಾತು ಕೇಳ್ಬೇಕು ಅಂದೆ. ಕೇಳೋಕೆ ನೀನೇ ಇರ್ಲಿಲ್ಲ.” ಅವನ ಕೈ ನಡುಗುತ್ತಿತ್ತು. “ಡಾಕ್ಟ್ರಿಗೆ ಬೈಬೇಡ. ಬೈಯೋದಾದ್ರೆ ನನಗೆ ಬೈ.”

ಒಂಬತ್ತು ತಿಂಗಳು ಅವನೂ ನಿದ್ದೆ ಮಾಡಿರಲಿಲ್ಲ. ಅವನನ್ನು ಯಾರೂ ಯಾವ ಆಪ್ತಸಲಹೆಗೂ ಕಳಿಸಿರಲಿಲ್ಲ.

ಆಕೆ ಹಾಳೆಗಳನ್ನು ಮಡಿಸಿ ಇಟ್ಟಳು. “ನೀವು ಮಾಡಿದ್ದು ಸರಿ. ಆದ್ರೆ ಸಿಟ್ಟು ಹೋಗಿಲ್ಲ.”

“ಇರ್ಲಿ ಬಿಡು,” ಎಂದ ಅವನು. “ಒಬ್ಬಳೇ ಇಟ್ಕೋಬೇಡ ಅಷ್ಟೆ.”

ನಾನು ಏನೂ ಹೇಳಲಿಲ್ಲ. ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಈ ಸಲಹೆಯನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ. ಗಾಯ ಕೆದಕಿದಿರಿ, ನಿಮಿಷ ನಿಮಿಷದ ಲೆಕ್ಕ ಯಾಕೆ ಬೇಕಿತ್ತು ಎನ್ನುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆಘಾತವಾದ ಹೊಸತರಲ್ಲೇ ಎಲ್ಲರನ್ನೂ ಕೂರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವುದರಿಂದ ಲಾಭವಿಲ್ಲ ಎಂದು ಅಧ್ಯಯನಗಳು ತೋರಿಸಿವೆ, ಅದನ್ನು ನಾನು ಮಾಡುವುದೂ ಇಲ್ಲ. ಇಲ್ಲಿ ಒಂಬತ್ತು ತಿಂಗಳು ಕಳೆದಿತ್ತು, ಸಲಹೆ ನನ್ನದಾದರೂ ಓದಲು ಒಪ್ಪಿದವಳು ಆಕೆಯೇ, ಪಕ್ಕದಲ್ಲಿ ತಜ್ಞೆ ಇದ್ದರು. ಅರಿವಳಿಕೆಯಲ್ಲಿದ್ದವರಿಗೆ ಆ ಹೊತ್ತು ಖಾಲಿ. ಖಾಲಿ ಜಾಗವನ್ನು ಮನಸ್ಸು ಕೆಟ್ಟ ಕಲ್ಪನೆಯಿಂದಲೇ ತುಂಬಿಕೊಳ್ಳುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಐಸಿಯುವಿನಿಂದ ಬಂದ ಮೇಷ್ಟ್ರು ನರ್ಸುಗಳು ತಮ್ಮನ್ನು ಕಟ್ಟಿಹಾಕಿ ಕೊಲ್ಲಲು ನೋಡಿದರೆಂದೇ ನಂಬಿದ್ದರು, ಕನಸಿನಲ್ಲೂ ಅದೇ ಬರುತ್ತಿತ್ತು. ಮೇಷ್ಟ್ರೇ ಟ್ಯೂಬು ಕಿತ್ತುಕೊಳ್ಳದಂತೆ ನರ್ಸುಗಳು ಕೈ ಕಟ್ಟಿದ್ದರು ಎಂದು ಮಗಳು ಹೇಳಿದ ಮೇಲೆ ಆ ಕನಸು ಅಪರೂಪವಾಯಿತು.

ವೈದ್ಯವಿಜ್ಞಾನದ ಮೇಲೆ ನನಗೆ ದೂರಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. 2023ರಲ್ಲೂ ಜಗತ್ತಿನಲ್ಲಿ ಸುಮಾರು 2.6 ಲಕ್ಷ ಹೆಂಗಸರು ಬಸಿರು, ಹೆರಿಗೆಯ ಕಾರಣಕ್ಕೆ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು; ಆಸ್ಪತ್ರೆ ಬೇಡ ಎನ್ನಲು ಈ ಲೇಖನವನ್ನು ಯಾರೂ ಬಳಸಬೇಡಿ. 1960ರ ಸುಮಾರಿಗೆ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಐದು ವರ್ಷ ಬದುಕುತ್ತಿದ್ದವರು ನೂರಕ್ಕೆ ಹತ್ತು ಮಕ್ಕಳೂ ಅಲ್ಲ, ಇಂದು ಒಳ್ಳೆಯ ಚಿಕಿತ್ಸೆ ಸಿಗುವಲ್ಲಿ ತೊಂಬತ್ತರಷ್ಟು. ಹಾಗೆ ಉಳಿದ ಆ ಹುಡುಗ ನನ್ನ ಬಳಿ ಬಂದದ್ದು, ತನ್ನ ಪಕ್ಕದ ಹಾಸಿಗೆಯ ಗೆಳೆಯನ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತಲು ಬಿಡುವುದಿಲ್ಲ ಎಂದು. ಹೀಗೆ ಉಳಿದವರು ನಿಮ್ಮ ಮನೆಯಲ್ಲೂ ಇರಬಹುದು. ಅವರಿಗೆ ‘ಅಷ್ಟು ಸಾಕು’ ಎನ್ನುವ ಮುಂಚೆ ಅವತ್ತು ಏನಾಯಿತು ಎಂದು ಒಮ್ಮೆ ಕೇಳಿ. ಹೇಳದಿದ್ದರೆ ಇನ್ನೊಂದು ತಿಂಗಳು ಬಿಟ್ಟು ಕೇಳಿ. ಹೊರಗೆ ಕಾಯುತ್ತಾ ಕೂತಿದ್ದವರನ್ನೂ ಕೇಳಿ.

ಆಕೆ ಆಮೇಲೆ ಐದು ಸಲ ಬಂದಳು, ಮೂರು ಸಲ ಗಂಡನೂ ಜೊತೆಗಿದ್ದ. ನಿದ್ದೆ ಸುಧಾರಿಸಿದೆ. ಇದನ್ನು ಬರೆಯಲೇ ಎಂದು ಫೋನಿನಲ್ಲಿ ಕೇಳಿದಾಗ ಹಿಂದೆ ಮಗುವಿನ ಗಲಾಟೆ ಕೇಳಿಸುತ್ತಿತ್ತು. ಬರೀರಿ ಎಂದವಳು ಒಂದು ಷರತ್ತು ಹಾಕಿದಳು. “ಕೊನೇಲಿ ಡಾಕ್ಟ್ರಿಗೆ ಹೋಗಿ ಥ್ಯಾಂಕ್ಸ್ ಹೇಳಿದ್ಲು ಅಂತ ಸೇರಿಸ್ಬೇಡಿ ಮೇಡಂ. ನಾನಿನ್ನೂ ಹೋಗಿಲ್ಲ.”