ಸ್ಕ್ಯಾನ್ ಬೇಡವೆನ್ನಿ, ನೋವನ್ನು ಮಾತ್ರ ಬಚ್ಚಿಡಬೇಡಿ

ಪ್ರಶ್ನೆ: ನನಗೆ 56 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕಿಮೋ, ರೇಡಿಯೇಷನ್ ಎಲ್ಲ ಮುಗಿದು ಎರಡು ವರ್ಷವಾಯಿತು. ಕ್ಯಾನ್ಸರ್ ಮರಳದಿರಲೆಂದು ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ. ಆಗಾಗ ತಪಾಸಣೆ, ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಸಾಕು ಎಂದಿದ್ದಾರೆ ಡಾಕ್ಟರು. ಬೆಂಗಳೂರಿನಲ್ಲಿರುವ ಮಗ ಕೇಳುವುದಿಲ್ಲ, ಆರು ತಿಂಗಳಿಗೊಮ್ಮೆ ಕರೆಸಿಕೊಂಡು, ಮೈಯಲ್ಲೆಲ್ಲ ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನ್ ಮಾಡಿಸುತ್ತಾನೆ. ಹೋದ ಸಲ ಕುತ್ತಿಗೆಯಲ್ಲಿ ಏನೋ ಹೊಳೆಯುತ್ತಿದೆ ಎಂದರು. ಸೂಜಿ ಹಾಕಿ ನೋಡಿ, ಕ್ಯಾನ್ಸರ್ ಅಲ್ಲ ಎನ್ನುವಷ್ಟರಲ್ಲಿ 18 ದಿನ ಕಳೆದಿತ್ತು. ಅಷ್ಟು ದಿನವೂ ನನಗೆ ಅನ್ನ ಇಳಿಯಲಿಲ್ಲ. ಬರುವ ತಿಂಗಳು ಮತ್ತೆ ದಿನ ಗೊತ್ತು ಮಾಡಿದ್ದಾನೆ. ಬೇಡವೆಂದರೆ ಕಣ್ಣೀರು ಹಾಕುತ್ತಾನೆ. ಒಂದೂವರೆ ತಿಂಗಳಿಂದ ಸೊಂಟ ನೋಯುತ್ತಿದೆ, ಅದನ್ನೂ ಅವನಿಗೆ ಹೇಳಿಲ್ಲ. ಏನು ಮಾಡಲಿ?
– ಹೆಸರು ಬೇಡ, ವಿದ್ಯಾನಗರ, ದಾವಣಗೆರೆ

ಉತ್ತರ: ಅಕ್ಕ, ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ತಡೆದು ನಿಲ್ಲಿಸಿತು. ಸೊಂಟದ ನೋವನ್ನು ಈ ವಾರವೇ ಡಾಕ್ಟರಿಗೆ ತೋರಿಸಿ. ಲೆಟ್ರೊಜೋಲ್ ತೆಗೆದುಕೊಳ್ಳುವ ಬಹಳ ಮಂದಿಗೆ ಕೀಲು, ಮೂಳೆ ನೋಯುತ್ತವೆ. ನಿಮ್ಮದೂ ಅದೇ ಇರಬಹುದು. ಆದರೆ ಹಾಗೆಂದು ನೀವೂ ತೀರ್ಮಾನಿಸುವಂತಿಲ್ಲ, ನಾನೂ ತೀರ್ಮಾನಿಸುವಂತಿಲ್ಲ. ನೋವು ಯಾವ ಜಾಗದಲ್ಲಿದೆ, ರಾತ್ರಿ ಎಚ್ಚರವಾಗುವಷ್ಟಿದೆಯೇ, ವಾರದಿಂದ ವಾರಕ್ಕೆ ಏರುತ್ತಿದೆಯೇ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ವಾರವನ್ನೂ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಪರೀಕ್ಷಿಸಿದ ಮೇಲೆ ಡಾಕ್ಟರು ಸ್ಕ್ಯಾನ್ ಬೇಕೆಂದರೆ ಮರುಮಾತಿಲ್ಲದೆ ಮಾಡಿಸಿಕೊಳ್ಳಿ. ಈ ನೋವು ಯಾವುದರದು ಎಂದು ತಿಳಿಯಲು ಮಾಡಿಸುವ ಸ್ಕ್ಯಾನ್ ಅದು.

ಮಗ ಮಾಡಿಸುವುದು ಬೇರೆ, ಏನೂ ಆಗದಿರುವಾಗ ಹುಡುಕಿಕೊಂಡು ಹೋಗುವ ಸ್ಕ್ಯಾನ್. ಅದು ಬೇಡವೆಂದ ನಿಮ್ಮ ಡಾಕ್ಟರದು ಉದಾಸೀನವಲ್ಲ. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಮಹಿಳೆಯರ ಮೇಲೆ ಇಟಲಿಯಲ್ಲಿ ನಡೆದ ಎರಡು ದೊಡ್ಡ ಅಧ್ಯಯನಗಳು 1994ರಲ್ಲಿ ಪ್ರಕಟವಾದವು. ಒಂದು ಗುಂಪಿಗೆ ತಪಾಸಣೆ ಮತ್ತು ಮ್ಯಾಮೊಗ್ರಾಮ್ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ ಮೂಳೆಯ ಸ್ಕ್ಯಾನ್, ಎದೆಯ ಎಕ್ಸ್‌ರೇ ತಪ್ಪದೆ ನಡೆದವು. ಹೆಚ್ಚು ಪರೀಕ್ಷೆ ಮಾಡಿಸಿಕೊಂಡವರು ಮೊದಲ ಗುಂಪಿನವರಿಗಿಂತ ಹೆಚ್ಚು ಕಾಲವೇನೂ ಬದುಕಲಿಲ್ಲ. ಆ ಅಧ್ಯಯನಗಳಲ್ಲಿ ಪೆಟ್ ಇರಲಿಲ್ಲ, ನಿಜ. ಆದರೆ ಲಕ್ಷಣಗಳಿಲ್ಲದವರಿಗೆ ವಾಡಿಕೆಯಾಗಿ ಪೆಟ್ ಬೇಡವೆಂದೇ ಇಂದಿನ ವೈದ್ಯಕೀಯ ಮಾರ್ಗಸೂಚಿಗಳೂ ಹೇಳುತ್ತವೆ. ಮ್ಯಾಮೊಗ್ರಾಮ್ ಮಾತ್ರ ತಪ್ಪಿಸಬೇಡಿ. ಸ್ತನದಲ್ಲಿ ಹೊಸದಾಗಿ ಗಂಟು ಹುಟ್ಟಿದರೆ, ಇನ್ನೂ ಗುಣಪಡಿಸಬಹುದಾದ ಹಂತದಲ್ಲಿ ಅದು ಹಿಡಿದುಕೊಡುತ್ತದೆ. (ದೊಡ್ಡ ಕರುಳಿನ ಕ್ಯಾನ್ಸರ್ ಆದವರಿಗೆ ಕೆಲವು ವರ್ಷ ಸಿ.ಟಿ. ಸ್ಕ್ಯಾನ್ ಬೇಕಾಗುವುದುಂಟು. ಅವರಿವರ ಲೆಕ್ಕವನ್ನು ನಿಮಗೆ ಹಚ್ಚಿಕೊಳ್ಳಬೇಡಿ.)

ಕುತ್ತಿಗೆಯಲ್ಲಿ ಹೊಳೆದದ್ದಕ್ಕೂ ಕಾರಣವಿದೆ. ಪೆಟ್ ಸ್ಕ್ಯಾನ್‌ಗೆ ಮುಂಚೆ ನಿಮ್ಮ ರಕ್ತಕ್ಕೆ ಸೇರಿಸುವುದು ಸಕ್ಕರೆಯಂಥ ಒಂದು ವಿಕಿರಣಶೀಲ ವಸ್ತು. ಅದನ್ನು ಹೆಚ್ಚು ಹೀರುವ ಜಾಗ ಹೊಳೆಯುತ್ತದೆ. ಕ್ಯಾನ್ಸರ್ ಹೀರುತ್ತದೆ, ಸೋಂಕಿನಿಂದ ಊದಿಕೊಂಡ ಗ್ರಂಥಿಯೂ ಹೀರುತ್ತದೆ, ಕ್ಷಯದ ಗಂಟೂ ಹೀರುತ್ತದೆ. ನಿಮ್ಮ 18 ದಿನಗಳ ಅನ್ನ ನಿದ್ದೆ ಹೋದದ್ದು ಇದರಿಂದ.

ಮಗನ ಮೇಲೆ ಸಿಟ್ಟಾಗಬೇಡಿ. ನಿಮ್ಮ ಕಿಮೋ ದಿನಗಳನ್ನು ಕಣ್ಣಾರೆ ಕಂಡ ಹುಡುಗ. ಆರು ತಿಂಗಳಿಗೊಮ್ಮೆ ಸಿಗುವ ‘ಏನೂ ಇಲ್ಲ’ ಎಂಬ ರಿಪೋರ್ಟು ಅವನ ಭಯಕ್ಕೆ ಔಷಧ. ಸೂಜಿ ಮಾತ್ರ ನಿಮ್ಮ ಕೈಗೆ. ಅವನಿಗೆ ಹೀಗೆ ಹೇಳಿ ನೋಡಿ: ‘ನಿನಗಿರುವ ಹೆದರಿಕೆ ನನಗೂ ಇದೆ. ಮೈಯಲ್ಲಿ ಏನೇ ಆದರೂ ಮೊದಲು ನಿನಗೆ ಹೇಳುತ್ತೇನೆ. ಡಾಕ್ಟರು ಹೇಳದೆ ಸ್ಕ್ಯಾನ್‌ಗೆ ಮಾತ್ರ ಕರೆಯಬೇಡಪ್ಪ.’ ನೋವನ್ನು ಮುಚ್ಚಿಟ್ಟುಕೊಂಡು ಈ ಮಾತು ಆಡಿದರೆ ಅವನು ನಂಬುವುದು ಹೇಗೆ?

ಡಾಕ್ಟರ ಬಳಿಗೆ ಅವನನ್ನೂ ಕರೆದುಕೊಂಡು ಹೋಗಿ. ಪೆಟ್ ಏಕೆ ಬೇಡ ಎಂದು ಅವನೇ ಕೇಳಲಿ, ಉತ್ತರ ಅವನ ಕಿವಿಗೇ ಬೀಳಲಿ. ಮ್ಯಾಮೊಗ್ರಾಮ್‌ನ ದಿನವನ್ನು ನೆನಪಿಡುವ, ಆ ದಿನ ರಜೆ ಹಾಕಿ ನಿಮ್ಮ ಜೊತೆ ಬರುವ ಕೆಲಸ ಅವನದಾಗಲಿ. ಇವತ್ತೇ ಫೋನು ಮಾಡಿ ಊರಿಗೆ ಕರೆಸಿಕೊಳ್ಳಿ. ಊಟವಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಸೊಂಟದ ವಿಷಯ ಹೇಳಿ, ಸ್ಕ್ಯಾನ್ ಮಾತು ಆಮೇಲೆ.