ಸೇವಾ ಸಂಸ್ಥೆಯವರ ಪಗಾರ ಯಾರು ಠರಾಸ್ಬೇಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್ ನಮಸ್ಕಾರ. ನಮ್ಮ ಕಡೆ ವಿಶೇಷಚೇತನ ಮಕ್ಕಳ ವಸತಿ ಶಾಲೆ ನಡಸೋ ಒಂದು ಸಂಘ ಐತಿ, ನಾನೂ ಅದರ ಸದಸ್ಯ. ಸರ್ಕಾರದ ಅನುದಾನ ಬರ್ತೈತಿ, ಭತ್ತದ ಸುಗ್ಗಿ ಆದ ಮ್ಯಾಲ ಸುತ್ತಲಿನ ರೈತರು ಅಕ್ಕಿ ಚೀಲನೂ ಕೊಡ್ತಾರ. ಈ ಸಲ ಜನರಲ್ ಬಾಡಿ ಮೀಟಿಂಗ್‌ನ್ಯಾಗ ಲೆಕ್ಕ ಓದಿದಾಗ ಗೊತ್ತಾತು, ಕಾರ್ಯದರ್ಶಿ ತಿಂಗಳಿಗೆ 85 ಸಾವಿರ ಗೌರವಧನ ತಗೋತಾರಂತ, ಅವರ ಹೆಂಡ್ತಿ ಹೆಸರಿನ ಬೊಲೆರೊಗೆ 30 ಸಾವಿರ ಬಾಡಿಗಿ ಬ್ಯಾರೆ, ಅಕ್ಕನ ಮಗ ಕೋಆರ್ಡಿನೇಟರ್. ಮಕ್ಕಳ ಮೈ ತೊಳದು ಉಣಿಸೋ ಆಯಾಗೆ 9 ಸಾವಿರ. ಕೇಳಿದ್ರ "ಕಮಿಟಿ ಠರಾವು ಐತಿ" ಅಂತಾರ. ಇದು ಸರಿ ಐತೇನ್ರಿ?
– ಹೆಸರು ಬ್ಯಾಡ ಅಂದಾರ, ಗಂಗಾವತಿ

ಉತ್ತರ: ಪಗಾರ ತಗೊಳ್ಳೋದು ತಪ್ಪಲ್ಲ ಅನ್ನೋದನ್ನ ಮೊದ್ಲ ಹೇಳಿಬಿಡ್ತೀನಿ. ಹಗಲು ರಾತ್ರಿ ಹಾಸ್ಟೆಲ್ ನೋಡ್ಕೊಂಡು, ಅನುದಾನದ ಫೈಲ್ ಹಿಡ್ಕೊಂಡು ಕೊಪ್ಪಳ ಬೆಂಗಳೂರು ಅಡ್ಡಾಡೋ ಮನುಷ್ಯಾನೂ ಮನಿ ನಡಸಬೇಕಲ್ರಿ. 85 ಸಾವಿರ ಅಂದ ಕೂಡ್ಲೆ ಕಳ್ಳ ಅನ್ನಾಕ ನಾ ತಯಾರಿಲ್ಲ. ನಾ ಕೇಳೋದು ಏನಂದ್ರ, ಆ ಠರಾವು ಆದ ದಿನ ಕಾರ್ಯದರ್ಶಿ ಎಲ್ಲಿ ಕುಂತಿದ್ರು? ಅದೇ ಕಮಿಟಿಯಾಗ ಕುಂತು, ತಮ್ಮ ಪಗಾರದ ಠರಾವು ತಾವೇ ಓದಿ, ತಾವೇ ಸಹಿ ಹಾಕಿದ್ರ ಅದಕ್ಕ ಠರಾವು ಅಂತ ಹೆಸರಿದ್ರೂ ಕಿಮ್ಮತ್ತಿಲ್ಲ.

ನಮ್ಮ ದೇಶದಾಗ ಸೇವಾ ಸಂಸ್ಥೆ ಮುಖ್ಯಸ್ಥರು ಇಷ್ಟೇ ಪಗಾರ ತಗೋಬೇಕು ಅಂತ ಎಲ್ಲಾರಿಗೂ ಅನ್ವಯ ಆಗೋ ಒಂದು ಲಿಮಿಟ್ ಇಲ್ಲ. ಇರೋದು ಆದಾಯ ತೆರಿಗೆ ಕಾಯ್ದೆದ ಒಂದು ಮಾತು. 1961ರ ಕಾಯ್ದೆದಾಗ ಸೆಕ್ಷನ್ 13 ಅಂತಿತ್ತು, 2025ರ ಹೊಸ ಕಾಯ್ದೆದಾಗ ನಂಬರ್ ಬದಲಾತು. ಸ್ಥಾಪಕರು, ಟ್ರಸ್ಟಿ, ಸಂಸ್ಥೆ ನಡಸೋರು, ದೊಡ್ಡ ದೇಣಿಗೆ ಕೊಟ್ಟೋರು, ಇವರ ಸಂಬಂಧಿಕರು, ಇವರಿಗೆ ಮಾಡಿದ ಕೆಲಸಕ್ಕ ಸಮಂಜಸ ಅನ್ನುವಷ್ಟು ಮಾತ್ರ ಕೊಡಬಹುದು, ಅದರ ಮ್ಯಾಲ ಕೊಟ್ಟಿದ್ದೆಲ್ಲಾ ಸಂಸ್ಥೆ ದುಡ್ಡನ್ನ ಸ್ವಂತಕ್ಕ ಬಳಸಿದಂಗ. ಸಂಬಂಧಿಕರು ಅಂದ್ರ ಹೆಂಡ್ತಿ ಮಕ್ಕಳು ಅಷ್ಟ ಅಲ್ಲ, ಹೆಂಡ್ತಿ ತಮ್ಮನೂ ಬರ್ತಾನ, ಅಕ್ಕನ ಮಗನೂ ಬರ್ತಾನ. ಹಂಗಾಗಿ ನೀವು ಬರದ ಮೂರೂ ಬಾಬ್ತು, ಅಂದ್ರ ಗೌರವಧನ, ಬೊಲೆರೊ ಬಾಡಿಗಿ, ಕೋಆರ್ಡಿನೇಟರ್ ಪಗಾರ, ಮೂರೂ ಈ ಜರಡಿಗೆ ಬೀಳ್ತಾವ. ಗಂಗಾವತಿಯಾಗ ತಿಂಗಳ ಲೆಕ್ಕಕ್ಕ ಬೊಲೆರೊ ಎಷ್ಟಕ್ಕ ಸಿಗ್ತೈತಿ, ಮೂರು ಕಡೆ ಕೊಟೇಶನ್ ತಗೊಂಡಿದ್ರಾ, ಲಾಗ್‌ಬುಕ್ ಐತಾ, ಇಷ್ಟು ಕೇಳಿ ನೋಡ್ರಿ.

ಆದ್ರ ಈ ಕಾನೂನಿನ ಒಂದು ಭಾಗ ನನಗ ಬಾಳ ಸಿಟ್ಟು ತರಿಸ್ತೈತಿ. 2022ರ ತಿದ್ದುಪಡಿ ಪ್ರಕಾರ ಹಂಗ ಹೆಚ್ಚಿಗಿ ಕೊಟ್ಟ ದುಡ್ಡಿನ ಮ್ಯಾಲ ಶೇ. 30 ತೆರಿಗೆ ಬೀಳ್ತೈತಿ, ಅದರ ಜೋಡಿ ಮೊದಲ ಸಲ ಆದ್ರ ಹೆಚ್ಚಿಗಿ ಕೊಟ್ಟಷ್ಟ ಮೊತ್ತದ ದಂಡ, ಮತ್ತ ಮಾಡಿದ್ರ ಎರಡು ಪಟ್ಟು. ಕಟ್ಟೋರು ಯಾರು? ಸಂಸ್ಥೆ. ಅಂದ್ರ ಆ ಮಕ್ಕಳ ಊಟದ, ವ್ಹೀಲ್‌ಚೇರಿನ ದುಡ್ಡು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರೆ. ಅಮೆರಿಕಾದಾಗ ಹಂಗಿಲ್ಲ, ಅಲ್ಲಿ ಹೆಚ್ಚಿಗಿ ತಗೊಂಡ ಮನುಷ್ಯಾನ ಕಡೆನ ಹೆಚ್ಚಾದ ಮೊತ್ತದ ಶೇ. 25 ವಸೂಲ್ ಮಾಡ್ತಾರ, ಆ ದುಡ್ಡು ಸಂಸ್ಥೆಗೆ ತಿರುಗಿ ಕೊಡಲಿಲ್ಲಂದ್ರ ಶೇ. 200, ಗೊತ್ತಿದ್ದೂ ಹೂಂ ಅಂದ ಕಮಿಟಿ ಮೆಂಬರಿಗೂ ಶೇ. 10. ನಮ್ಮಲ್ಲಿ ಪಗಾರದ ಕಾನೂನು ತಿದ್ದೋದಿದ್ರ ಮೊದ್ಲ ಇದನ್ನ ತಿದ್ದಬೇಕು ಅಂತ ನಾ ಒತ್ತಿ ಹೇಳ್ತೀನಿ.

ನೀವು ಸದಸ್ಯರಿದ್ದೀರಿ, ನಿಮ್ಮ ಕೈಯಾಗ ಅಧಿಕಾರ ಐತಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಸೆಕ್ಷನ್ 25ರ ಪ್ರಕಾರ ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ರ ನೋಂದಣಾಧಿಕಾರಿ ವಿಚಾರಣೆ ಮಾಡಾಕ ಬೇಕು. ಒಬ್ಬರ ಹೋಗಬ್ಯಾಡ್ರಿ, ಸಹಿ ಕೂಡಿಸ್ಕೊಂಡು ಹೋಗ್ರಿ. ಮತ್ತ ಆಯಾನ 9 ಸಾವಿರದ ಮಾತು ಬಿಡಬ್ಯಾಡ್ರಿ, ಫುಲ್ ಟೈಮ್ ಕೆಲಸ ಆದ್ರ ಅದು ಕನಿಷ್ಠ ವೇತನಕ್ಕಿಂತ ಕಡಿಮಿ, ಸೇವಾ ಸಂಸ್ಥೆ ಅಂದ ಮಾತ್ರಕ್ಕ ಅದಕ್ಕ ಮಾಫಿ ಇಲ್ಲ, ಲೇಬರ್ ಇನ್ಸ್‌ಪೆಕ್ಟರಿಗೆ ಬರೀರಿ. ರಜಿಸ್ಟರಿನ್ಯಾಗ ಎಷ್ಟಕ್ಕ ಸಹಿ ಹಾಕಸ್ಕೋತಾರ, ಕೈಗೆ ಎಷ್ಟು ಕೊಡ್ತಾರ ಅಂತ ಆಕಿನ್ನ ಕುಂದ್ರಿಸಿ ಸಮಾಧಾನದಿಂದ ಕೇಳ್ರಿ. ಲೆಕ್ಕಪತ್ರದಾಗ ಕಾಣದ ಎಷ್ಟೋ ಸಂಗತಿ ಅಲ್ಲಿ ಕಾಣ್ತಾವ.

ಪ್ರಶ್ನೆ: ಸರ್, ನಾನು ದೇವದಾಸಿ ತಾಯಂದಿರ ಮಕ್ಕಳಿಗೆ ಟ್ಯೂಷನ್ ಸೆಂಟರ್ ನಡಸ್ತೀನಿ, ಟ್ರಸ್ಟ್ ನಾನೇ ಮಾಡಿದ್ದು, ಬ್ಯಾರೆ ಆದಾಯ ಇಲ್ಲ. ಪಗಾರ ತಗೊಂಡ್ರ ಸೇವೆ ಹ್ಯಾಂಗ ಆಗ್ತೈತಿ ಅಂತ ದಾನಿಗಳು ಮುಖ ತಿರುಗಸ್ತಾರ. ನಾ ತಗೋಬಹುದಾ?
– ಒಬ್ಬ ಓದುಗರು, ಸಿಂಧನೂರು

ಉತ್ತರ: ತಗೋರಿ ಅಕ್ಕಾರ, ನಾಚಿಕಿ ಬ್ಯಾಡ. ಬಿಟ್ಟಿ ದುಡಿದ್ರ ಮಾತ್ರ ಸೇವೆ ಅನ್ನೋದಾದ್ರ ಹೊಲ ಮನಿ ಇದ್ದೋರು ಮಾತ್ರ ಸಂಸ್ಥೆ ಕಟ್ಟಬೇಕಾಗ್ತೈತಿ, ನಿಮ್ಮಂಥೋರು ಬರಾಕ ಆಗಂಗಿಲ್ಲ. ದಾರಿ ಮಾತ್ರ ನೆಟ್ಟಗ ಇರ್ಲಿ. ಮೊದ್ಲ ಟ್ರಸ್ಟ್ ಡೀಡ್, ಅಂದ್ರ ಟ್ರಸ್ಟ್ ಮಾಡಿದಾಗಿನ ಪತ್ರ, ತಗದು ಓದ್ರಿ. ಟ್ರಸ್ಟಿಗೆ ಸಂಭಾವನೆ ಕೊಡಬಹುದು ಅಂತ ಅದರಾಗ ಇಲ್ಲಂದ್ರ ಸುಮ್ನ ತಗೊಳ್ಳಾಕ ಬರಂಗಿಲ್ಲ. 1882ರ ಟ್ರಸ್ಟ್ ಕಾಯ್ದೆ ಖಾಸಗಿ ಟ್ರಸ್ಟ್‌ಗಳಿಗೆ ಇರೋದು ಖರೆ, ಆದ್ರೂ ಟ್ರಸ್ಟಿಗೆ ತನ್ನ ಶ್ರಮಕ್ಕ ಸಂಭಾವನೆ ಕೇಳೋ ಹಕ್ಕು ತಾನಾಗೇ ಬರಂಗಿಲ್ಲ ಅನ್ನೋ ಅದರ ತತ್ವಾನ ನಿಮ್ಮಂಥಾ ಟ್ರಸ್ಟ್‌ನೋರೂ ಪಾಲಿಸೋದು ಛಲೋ. ಡೀಡ್ ತಿದ್ದಾಕ ಬರ್ತೈತೋ ಇಲ್ಲೋ ವಕೀಲರನ್ನ ಕೇಳ್ರಿ. ಆಮ್ಯಾಲ ಸಂಬಂಧಿಕರಲ್ಲದ ಟ್ರಸ್ಟಿಗಳು ಕುಂತು ತೀರ್ಮಾನ ಮಾಡ್ಲಿ, ನೀವು ಆ ಹೊತ್ತಿಗೆ ಎದ್ದು ಹೊರಗ ಹೋಗ್ರಿ, "ಇವರು ಹೊರಗ ಹೋಗಿದ್ರು" ಅಂತ ನಡಾವಳಿ ಪುಸ್ತಕದಾಗ ಬರಸ್ರಿ. ರಾಯಚೂರು ಕಡೆ ಇಂಥಾ ಕೆಲಸಕ್ಕ ಬ್ಯಾರೆ ಸಂಸ್ಥೆಯೋರು ಏನು ಕೊಡ್ತಾರ ಅಂತ ಎರಡು ಮೂರು ಕಡೆ ವಿಚಾರಿಸಿ ಅದನ್ನೂ ಲಗತ್ತಿಸ್ರಿ. ದುಡ್ಡು ಬ್ಯಾಂಕ್ ಮುಖಾಂತರನ ಬರ್ಲಿ. ಉಳಿದ ಟ್ರಸ್ಟಿಗಳಿಗೆ ಬಸ್ ಚಾರ್ಜ್ ಕೊಡ್ರಿ, ಮೀಟಿಂಗಿಗೆ ಬಂದು ಕುಂತದ್ದಕ್ಕ ಸಿಟಿಂಗ್ ಫೀ ಅಂತ ಶುರು ಮಾಡಬ್ಯಾಡ್ರಿ.

ವಿದೇಶಿ ದೇಣಿಗೆ ಬಂದ್ರ ಇನ್ನೊಂದು ನೆನಪಿರ್ಲಿ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ದುಡ್ಡಿನ್ಯಾಗ ಆಡಳಿತ ಖರ್ಚು 2020ರ ತಿದ್ದುಪಡಿ ಆದ ಮ್ಯಾಲ ಶೇ. 20 ದಾಟಂಗಿಲ್ಲ, ಮೊದ್ಲ ಶೇ. 50 ಇತ್ತು. ಕಮಿಟಿಯವರ ಪಗಾರ, ಅಡ್ಡಾಟದ ಖರ್ಚು ಅದರಾಗ ಬರ್ತೈತಿ, ಪಾಠ ಹೇಳೋ ಟೀಚರ್ ಪಗಾರ ಅದರಾಗ ಬರಂಗಿಲ್ಲ.

ಪ್ರಶ್ನೆ: ನಮ್ಮ ಬಳ್ಳಾರಿಯಾಗ ಮೈನಿಂಗ್ ಕಂಪನಿ ದುಡ್ಡು, ಡಿಎಂಎಫ್ (ಗಣಿ ನಡಸೋರು ಕಟ್ಟೋ ಜಿಲ್ಲಾ ಖನಿಜ ನಿಧಿ) ದುಡ್ಡು ಅಂತ ಬಾಳ ಸಂಸ್ಥೆ ಹುಟ್ಯಾವ. ಮುಖ್ಯಸ್ಥರಿಗೆ ಲಕ್ಷ ರೂಪಾಯಿ ಮ್ಯಾಲ ಇಲ್ಲ ಅಂತ ಸರ್ಕಾರನ ಲಿಮಿಟ್ ಹಾಕಿದ್ರ ಮುಗೀತಲ್ಲ?
– ಕಾಲೇಜು ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಎಲ್ಲಾರಿಗೂ ಒಂದೇ ಲಿಮಿಟ್ ಹಾಕಿದ್ರ ದೊಡ್ಡ ಆಸ್ಪತ್ರಿ ನಡಸೋ ಟ್ರಸ್ಟಿಗೆ ಡಾಕ್ಟರ್ ಸಿಗಂಗಿಲ್ಲ, ಸಣ್ಣ ಸಂಸ್ಥೆಯೋನು ಮಾತ್ರ ಲಿಮಿಟ್ ಐತಲ್ಲ ಅಂತ ಪೂರಾ ಲಕ್ಷ ತಗೋತಾನ, ಪಗಾರದಾಗ ಸಿಗದಿದ್ದು ಬಾಡಿಗಿಯಾಗ, ಟಿಎ ಡಿಎದಾಗ ತಿರುಗಿ ಬರ್ತೈತಿ. ಸರ್ಕಾರದ ದುಡ್ಡಿಗೆ ಲಿಮಿಟ್ ಹಾಕೋದು ಮಾತ್ರ ನ್ಯಾಯ. ನ್ಯೂಯಾರ್ಕ್ ರಾಜ್ಯದ ಗವರ್ನರ್ 2012ರಾಗ ಆದೇಶ ಮಾಡಿ, ರಾಜ್ಯದ ದುಡ್ಡಿನಿಂದ ಸಂಸ್ಥೆ ಮುಖ್ಯಸ್ಥರಿಗೆ ವರ್ಷಕ್ಕ 1,99,000 ಡಾಲರ್ ಮ್ಯಾಲ ಕೊಡಂಗಿಲ್ಲ ಅಂದ್ರು. 2018ರಾಗ ಅಲ್ಲಿನ ಮೇಲಿನ ಕೋರ್ಟು ಅದನ್ನ ಎತ್ತಿ ಹಿಡೀತು, ಖಾಸಗಿ ದುಡ್ಡಿಗೂ ಕೈ ಚಾಚಿದ ಭಾಗಾನ ಹೊಡದು ಹಾಕ್ತು. ನಮ್ಮ ಡಿಎಂಎಫ್‌ಗೂ ಆಡಳಿತ ಖರ್ಚು ವರ್ಷದ ಆದಾಯದ ಶೇ. 5 ದಾಟಬಾರದು ಅಂತೈತಿ. ಕಂಪನಿಗಳು ಸಮಾಜದ ಕೆಲಸಕ್ಕ ಖರ್ಚು ಮಾಡೋ ಸಿಎಸ್‌ಆರ್‌ದಾಗೂ ಶೇ. 5 ಅಂತ ಕೇಳಿರ್ತೀರಿ, ಅದು ಕಂಪನಿಯ ಸ್ವಂತ ಆಡಳಿತ ಖರ್ಚಿಗೆ ಇರೋದು, ದುಡ್ಡು ಇಸ್ಕೊಂಡ ಸಂಸ್ಥೆಯೋರ ಪಗಾರಕ್ಕ ಅಲ್ಲ.

ನನಗ ಬೇಕಾದ್ದು ಬಹಿರಂಗ. ಅಮೆರಿಕಾದಾಗ ಫಾರ್ಮ್ 990 ಅಂತ ಒಂದು ರಿಟರ್ನ್, ಅದರಾಗ ಮುಖ್ಯಸ್ಥರು, ಕಮಿಟಿಯೋರು ಯಾರ್ಯಾರು ಎಷ್ಟು ತಗೊಂಡ್ರು ಅಂತ ಹೆಸರು ಹಚ್ಚಿ ಬರೀಬೇಕು, ಯಾರು ಕೇಳಿದ್ರೂ ತೋರಿಸಬೇಕು. ನಮ್ಮಲ್ಲಿ ಇಂಥಾ ವಿವರ ಆಡಿಟರ್ ರಿಪೋರ್ಟಿನ್ಯಾಗ ತೆರಿಗೆ ಇಲಾಖೆಗೆ ಹೋಗ್ತೈತಿ, ಅಕ್ಕಿ ಚೀಲ ಕೊಟ್ಟ ರೈತನಿಗೆ ಕಾಣಂಗಿಲ್ಲ. ಆಫೀಸ್ ಗೋಡಿ ಮ್ಯಾಲ ದಾನಿಗಳ ಹೆಸರಿನ ಪಕ್ಕಕ್ಕ ಪಗಾರದ ಪಟ್ಟಿನೂ ಹಾಕಿ ಅಂತ ಕಾನೂನು ಮಾಡಿದ್ರ ಅರ್ಧ ಜಗಳ ಅಲ್ಲೇ ಮುಗೀತೈತಿ.

ಪ್ರಶ್ನೆ: ಸಂಸ್ಥೆಗೆ ಆರ್‌ಟಿಐ ಹಾಕಾಕ ಬರ್ತೈತಾ?
– ಓದುಗರು, ಕುಷ್ಟಗಿ

ಉತ್ತರ: ಸರ್ಕಾರದ ದುಡ್ಡಿನ ಮ್ಯಾಲ ಗಣನೀಯವಾಗಿ ನಡೆಯೋ ಸಂಸ್ಥೆ ಆದ್ರ ಬರ್ತೈತಿ, 2019ರಾಗ ಸುಪ್ರೀಂ ಕೋರ್ಟ್ ಹಂಗಂತ ಹೇಳೈತಿ. ಅವರು ನಮಗ ಅನ್ವಯ ಇಲ್ಲ ಅಂತ ಜಗ್ಗಾಡಿದ್ರ ಅನುದಾನ ಕೊಟ್ಟ ಇಲಾಖೆಗೆ ಹಾಕ್ರಿ, ಅಲ್ಲಿ ಹಣ ಬಳಕೆ ಪ್ರಮಾಣಪತ್ರ, ಸಿಬ್ಬಂದಿ ಪಗಾರದ ಪಟ್ಟಿ ಇರ್ತಾವ. 10 ರೂಪಾಯಿ ಫೀ, ಒಂದ ವಿಷಯ, 150 ಪದದ ಒಳಗ ಬರೀರಿ, 30 ದಿನದಾಗ ಉತ್ತರ ಕೊಡಬೇಕು, ಕೊಡಲಿಲ್ಲಂದ್ರ ಮೇಲ್ಮನವಿ ಹಾಕ್ರಿ.